ಅಣ್ಣನ ಮೂರು ಹೊಸ ವಿಡಿಯೊ: ನಮ್ಮ ತುಮಕೂರು ಜಿಲ್ಲೆಯವರು ಏನಂತೀರಿ?

ತಿಪಟೂರು ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ಯೂಟ್ಯೂಬ್‌ನಲ್ಲಿ ಸಿನಿಮಾಗಳನ್ನು ನಗಿಸುತ್ತಲೇ ಬಿಡಿಸಿ ಹೇಳುವ ನಮ್ಮ ಅಣ್ಣ ಈ ತಿಂಗಳು ಮೂರು ವಿಡಿಯೊ ಹಾಕಿದ್ದಾರೆ. ಮೊದಲನೆಯದು ಐದು ಭಾಷೆಯಲ್ಲಿ ಒಟ್ಟಿಗೆ ಬಿಡುಗಡೆಯಾದ ದೊಡ್ಡ ಹೀರೋ ಸಿನಿಮಾದ್ದು. ಎರಡನೆಯದು ನಮ್ಮೂರಿನ ನರಸಿಂಹರಾಜು ಅವರ ಹಾಸ್ಯದ್ದು. ಮೂರನೆಯದು ಪಾವಗಡದಲ್ಲಿ ಹೊಸಬರು ಸೇರಿ ತೆಗೆದ ಸಣ್ಣ ಸಿನಿಮಾದ್ದು. ಮೊದಲನೆಯದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡನೆಯದನ್ನು ಅಪ್ಪನಿಗೆ ಕೂರಿಸಿ ತೋರಿಸಿದೆ. ಮೂರನೆಯದು ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದರ ಊದುಬತ್ತಿ ನೋಡಿದಿರಾ? ಅಣ್ಣ ಮೇಜಿನ ಮೇಲೆ ಒಂದು ಬಾಳೆಹಣ್ಣು ಇಟ್ಟು ಅದಕ್ಕೆ ಊದುಬತ್ತಿ ಚುಚ್ಚಿ ಹಚ್ಚುತ್ತಾರೆ. 'ಹೀರೋ ಮುಖ ಕಾಣುವವರೆಗೆ ಇದು ಉರಿಯಲಿ' ಅನ್ನುತ್ತಾರೆ. ಆಮೇಲೆ ಸಿನಿಮಾದ ಹೊತ್ತಿಗೆ ಸರಿಯಾಗಿ ಅದು ಉರಿಯುವುದನ್ನು ಬೇಗ ಬೇಗ ಓಡಿಸಿ ತೋರಿಸುತ್ತಾರೆ. ಹೀರೋ ಬೂಟು ಬಂತು, ಕಾಲು ಭಾಗ ಹೋಯಿತು. ಕೈ ಬಂತು, ಕೈಯಲ್ಲಿ ಕಡಗ ಬಂತು, ಅರ್ಧ ಹೋಯಿತು. ಬೆನ್ನು ಬಂತು. ಕೂದಲು ಬಂತು. ಬೂದಿ ಬಾಳೆಹಣ್ಣಿನ ಮೇಲೆ ಬಿದ್ದಾಗ ತೆರೆ ಮೇಲೆ ಬಂದಿದ್ದು ಯಾರು? ಹೀರೋ ಎಷ್ಟು ದೊಡ್ಡವನು ಅಂತ ಹೇಳಲು ಒಬ್ಬ ಮುದುಕ. ಅಣ್ಣ ಏನೂ ಮಾತಾಡಲಿಲ್ಲ. ಎರಡನೇ ಊದುಬತ್ತಿ ತೆಗೆದರು, ಅಷ್ಟೇ.

ಒಂದು ಬೈಗುಳ ಇಲ್ಲ, ಕಿರುಚಾಟ ಇಲ್ಲ. ಕಥೆ ಶುರು ಮಾಡದೆ ಎಷ್ಟು ಹೊತ್ತು ಕಾಯಿಸುತ್ತಾರೆ ಅನ್ನುವುದನ್ನು ಕಣ್ಣಿಗೆ ಕಾಣುವ ಹಾಗೆ ಅಳೆದು ತೋರಿಸಿದರು. ಈ ಕೆಲಸಕ್ಕೇ ನಾನು ಅವರ ವಿಡಿಯೊ ನೋಡುವುದು. ಮೂರನೇ ವಿಡಿಯೊದಲ್ಲಿ ಆ ಅಳತೆ ಎಲ್ಲಿ ಹೋಯಿತು ಅನ್ನುವುದು ನನ್ನ ಪ್ರಶ್ನೆ. ನಿಮಗೇನನ್ನಿಸಿತು ಹೇಳಿ.

ಗುಬ್ಬಿ ಗೇಟ್

ಊದುಬತ್ತಿ ಸೂಪರ್. ನನಗೆ ಅದಕ್ಕಿಂತ ಹಿಡಿಸಿದ್ದು ಫೈಟ್. ಬೆಂಕಿಕಡ್ಡಿಗಳನ್ನು ಜೇಡಿಮಣ್ಣಿನಲ್ಲಿ ಸಾಲಾಗಿ ನಿಲ್ಲಿಸಿ, ಲಟ್ಟಣಿಗೆಯನ್ನು ಹೀರೋ ಮಾಡಿದ್ದಾರೆ. ಒಂದು ಕಡ್ಡಿ ಬಂದು ಹೊಡೆಸಿಕೊಂಡು ಬೀಳುವವರೆಗೆ ಉಳಿದ ಕಡ್ಡಿಗಳು ಅಲ್ಲಾಡದೆ ಕಾಯುತ್ತವೆ. 'ರೇಷನ್ ಅಂಗಡಿ ಮುಂದೆಯೂ ಇಷ್ಟು ಶಿಸ್ತಿನ ಸಾಲು ನೋಡಿಲ್ಲ' ಅಂದರು ನೋಡಿ, ನಮ್ಮ ಮನೆಯಲ್ಲಿ ಅಮ್ಮನೂ ನಕ್ಕರು. ಸುಮೋ ಉರುಳಿದಾಗ ಏಳುವ ದೂಳಿಗೆ ರಾಗಿಹಿಟ್ಟು ಊದಿದ್ದಾರೆ. ಇಷ್ಟೆಲ್ಲ ಕೈಯಲ್ಲೇ ಮಾಡಲು ಎಷ್ಟು ರಾತ್ರಿ ಕೂತಿರಬೇಕು!

ಒಂದು ಅರ್ಥವಾಗಲಿಲ್ಲ. ಮೊದಲೆಲ್ಲ ಸಿನಿಮಾದ ತುಣುಕನ್ನೇ ಹಾಕುತ್ತಿದ್ದರು. ಈಗ ಯಾಕೆ ಬರೀ ಕಡ್ಡಿ, ಬೆಂಕಿಪೊಟ್ಟಣ, ಅಡಿಕೆ?

ಎಡಿಟಿಂಗ್ ಟೇಬಲ್

ಗುಬ್ಬಿ ಗೇಟ್ ಅವರೇ, ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಹಾಡು ಹಾಕಿದ್ದಕ್ಕೆ ನಮಗೂ ಇದೇ ಕಾಟ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯೂಟ್ಯೂಬ್‌ನಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಕ್ಲೇಮ್. 2007ರಿಂದ ಅಲ್ಲಿ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇದೆ. ಸಿನಿಮಾದವರು ತಮ್ಮ ಚಿತ್ರವನ್ನೂ ಹಾಡನ್ನೂ ಅದರಲ್ಲಿ ಕೊಟ್ಟಿರುತ್ತಾರೆ. ನೀವು ಹಾಕಿದ್ದರಲ್ಲಿ ಅದರ ತುಣುಕು ಸಿಕ್ಕರೆ ಯಂತ್ರವೇ ಹಿಡಿಯುತ್ತದೆ. ಆಗ ವಿಡಿಯೊ ಇರಬಹುದು, ಆದರೆ ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು. ಕೆಲವು ಸಲ ವಿಡಿಯೊ ಕಾಣದ ಹಾಗೆಯೂ ಮಾಡುತ್ತಾರೆ. ಎರಡನೆಯದು ಸ್ಟ್ರೈಕ್. ಹಕ್ಕಿನವರು ದೂರು ಕೊಟ್ಟರೆ ವಿಡಿಯೊ ಇಳಿದುಹೋಗುತ್ತದೆ. 90 ದಿನದ ಒಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ನಾವು ತಿರುಗಿ ಅರ್ಜಿ ಹಾಕಬಹುದು. ಆಗ ದೂರು ಕೊಟ್ಟವರು ಕೋರ್ಟಿಗೆ ಹೋಗಿದ್ದೇವೆ ಅಂತ ತೋರಿಸಲು 10 ಕೆಲಸದ ದಿನ ಇರುತ್ತದೆ. ಹೊಸ ಸಿನಿಮಾದ ವಿಮರ್ಶೆ ಎರಡು ವಾರ ಕೆಳಗಿಳಿದರೆ ಮುಗಿಯಿತು, ಆಮೇಲೆ ಯಾರು ನೋಡುತ್ತಾರೆ?

ಕಾನೂನಿನಲ್ಲಿ ವಿಮರ್ಶೆಗೆ ಜಾಗ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯವಾದ ಮಟ್ಟಿಗೆ ಬಳಸಿಕೊಳ್ಳಬಹುದು ಅನ್ನುತ್ತದೆ. ಎಷ್ಟು ಸೆಕೆಂಡ್ ಅಂತ ಅದರಲ್ಲಿ ಬರೆದಿಲ್ಲ. 'ಹತ್ತು ಸೆಕೆಂಡ್ ಒಳಗೆ ಹಾಕಿದರೆ ಏನೂ ಆಗಲ್ಲ' ಅನ್ನುವುದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಆದರೆ ಯಂತ್ರಕ್ಕೆ ವಿಮರ್ಶೆ ಯಾವುದು, ಕಳ್ಳತನ ಯಾವುದು ಗೊತ್ತಾಗುವುದಿಲ್ಲ. ಒಬ್ಬನೇ ಕೂತು ವಿಡಿಯೊ ಮಾಡುವವನು ದೊಡ್ಡ ಕಂಪನಿ ಜೊತೆ ಕೋರ್ಟಿಗೆ ಅಲೆಯಲು ಆಗುತ್ತದಾ? ಅದಕ್ಕೇ ಕಡ್ಡಿ, ಲಟ್ಟಣಿಗೆ.

ನನ್ನ ಪ್ರಕಾರ ಇದರಿಂದ ಅಣ್ಣನ ಕೆಲಸ ಇನ್ನೂ ಚೆನ್ನಾಗಿ ಆಗಿದೆ. ತುಣುಕು ಹಾಕಿ ಮೇಲೆ ಒಂದು ಮೀಮ್ ಅಂಟಿಸುವುದು ಸುಲಭ. ಒಂದು ದೃಶ್ಯವನ್ನು ಕಡ್ಡಿಯಲ್ಲಿ ಮತ್ತೆ ಕಟ್ಟಬೇಕು ಅಂದರೆ ಯಾರು ಎಲ್ಲಿ ನಿಂತಿದ್ದಾರೆ, ಕ್ಯಾಮೆರಾ ಎಲ್ಲಿದೆ, ಯಾವಾಗ ಕಟ್ ಆಗುತ್ತದೆ ಎಲ್ಲ ಗೊತ್ತಿರಬೇಕು. ಆ ಫೈಟಿನಲ್ಲಿ ಹೀರೋ ಬಲಗಡೆಯಿಂದ ಹೊಡೆದರೆ ರೌಡಿಯೂ ಬಲಗಡೆಗೇ ಹಾರುತ್ತಾನೆ. ಅಣ್ಣ ಕಡ್ಡಿ ಇಟ್ಟು ತೋರಿಸಿದ ಮೇಲೆಯೇ ನನಗೂ ಅದು ಕಂಡಿದ್ದು.

ಶಿರಾ ಸೀಮೆ

ಅಣ್ಣ ಕೊನೆಯಲ್ಲಿ ಆ ಬಾಳೆಹಣ್ಣು ಸುಲಿದು ತಿನ್ನುತ್ತಾ 'ಇಂಟರ್ವಲ್' ಅಂದಿದ್ದು ಯಾರೂ ಹೇಳಲೇ ಇಲ್ಲವಲ್ಲ!

ಪಾವಗಡ ಬಿಸಿಲು

ನಾನು ಅಣ್ಣನ ವಿಡಿಯೊಗಳನ್ನು ಮೊದಲಿನಿಂದ ನೋಡುತ್ತಿದ್ದೇನೆ. ನಮ್ಮೂರಿನ ಹುಡುಗರ ಸಿನಿಮಾ ಬಗ್ಗೆ ಮಾಡಿದ್ದಾರೆ ಅಂತ ಗೊತ್ತಾದಾಗ ಮನೆಮಂದಿಯನ್ನೆಲ್ಲ ಕರೆದು ಟಿವಿಯಲ್ಲಿ ಹಾಕಿದೆ. ಐದು ನಿಮಿಷಕ್ಕೆ ಅಜ್ಜಿ ಎದ್ದು ಒಳಗೆ ಹೋದರು. ಬೇಜಾರಾಯಿತು.

ಸಿನಿಮಾ ನೋಡದವರಿಗೆ ಕಥೆ ಹೇಳುತ್ತೇನೆ. ಒಬ್ಬ ರೈತ ತನ್ನ ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾನೆ. ಇದು ಕಟ್ಟುಕಥೆಯ ಊರಲ್ಲ. ನಮ್ಮಲ್ಲಿ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಪಾರ್ಕ್ ಇದೆ, 2,050 ಮೆಗಾವಾಟ್. ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆಯೇ ಬಾರದ ನೆಲಕ್ಕೆ ಅದು ದೊಡ್ಡ ದುಡ್ಡೇ. ಆದರೆ ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದ ಮನುಷ್ಯ ಈಗ ಎಲ್ಲಿಗೆ ಹೋಗಬೇಕು? ದನ ಮಾರಿದ್ದಾನೆ, ನೇಗಿಲು ಅಟ್ಟಕ್ಕೆ ಹಾಕಿದ್ದಾನೆ. ದಿನಾ ಎದ್ದು ಬೇಲಿ ಹತ್ತಿರ ಹೋಗಿ ನಿಲ್ಲುತ್ತಾನೆ. ಸಿನಿಮಾ ಇಷ್ಟೇ.

ಅಣ್ಣ ಏನು ಮಾಡಿದರು? 'ಇವನು ನಿಂತ, ನಿಂತೇ ಇದ್ದಾನೆ, ಇನ್ನೂ ನಿಂತಿದ್ದಾನೆ' ಅಂತ ಅದೇ ಊದುಬತ್ತಿ ಮತ್ತೆ ಹಚ್ಚಿದರು. ದೊಡ್ಡ ಸಿನಿಮಾದಲ್ಲಿ ಕಾಯಿಸಿದ್ದು ಹೀರೋನನ್ನು ಮೆರೆಸಲು. ಇಲ್ಲಿ ಆ ರೈತನಿಗೆ ಹೊತ್ತು ಹೋಗುವುದಿಲ್ಲ ಅನ್ನುವುದೇ ಕಥೆ. ಎರಡಕ್ಕೂ ಒಂದೇ ಊದುಬತ್ತಿ ಹೇಗೆ ಸರಿಹೋಗುತ್ತದೆ?

ಅದನ್ನೂ ಬಿಡಿ. ತಾಯಿ ಪಾತ್ರ ಮಾಡಿದವರು ನಮ್ಮ ಕಡೆಯ ಹೆಂಗಸು, ಮೊದಲ ಸಲ ಕ್ಯಾಮೆರಾ ಮುಂದೆ ನಿಂತಿದ್ದಾರೆ. ನಮ್ಮ ತಾಲ್ಲೂಕಿನ ಸುತ್ತ ಆಂಧ್ರ ಇದೆ, ಮಾತಿನಲ್ಲಿ ತೆಲುಗು ಬೆರೆಯುತ್ತದೆ, ರಾಗ ಬೇರೆ ಇರುತ್ತದೆ. ಅಣ್ಣ ಆ ರಾಗವನ್ನು ಮೂಗಿನಲ್ಲಿ ಎಳೆದು ಎಳೆದು ಅಣಕಿಸಿದರು. ನಮ್ಮ ಅಜ್ಜಿ ಮಾತಾಡುವುದು ಹಾಗೇ.

ಬಟವಾಡಿ ಬಸ್‌ಸ್ಟಾಪ್

ಪಾವಗಡದವರೇ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಮಾತಿನ ಅಣಕ ನನಗೂ ಇಷ್ಟವಾಗಲಿಲ್ಲ. ಆದರೆ ಉಳಿದದ್ದಕ್ಕೆ ಅಣ್ಣನ ಪರ ನಿಲ್ಲುತ್ತೇನೆ.

ತುಮಕೂರಿನಲ್ಲಿ ಆ ಸಿನಿಮಾಕ್ಕೆ ದಿನಕ್ಕೆ ಒಂದೇ ಶೋ ಕೊಟ್ಟಿದ್ದರು. ನಾನು ದುಡ್ಡು ಕೊಟ್ಟು ನೋಡಿದ್ದೇನೆ. ಕೌಂಟರಿನಲ್ಲಿ 'ಹೊಸಬರ ಸಿನಿಮಾ, ಅರ್ಧ ಕೊಡಿ' ಅಂತ ಯಾರಾದರೂ ಹೇಳುತ್ತಾರಾ? ಅದೇ ರೇಟು, ಅದೇ ಎರಡು ಗಂಟೆ. ಹೊಸಬರು ಅಂತ ಬೆನ್ನು ತಟ್ಟಿ ಕಳಿಸಿದರೆ ಅವರು ಎರಡನೇ ಸಿನಿಮಾದಲ್ಲೂ ಅದೇ ತಪ್ಪು ಮಾಡುತ್ತಾರೆ. ಬೇಲಿ ಹತ್ತಿರ ನಿಂತ ದೃಶ್ಯಗಳಲ್ಲಿ ಗಾಳಿ ಸದ್ದು ಬಿಟ್ಟರೆ ಮಾತೇ ಕೇಳುವುದಿಲ್ಲ. ಮನೆ ಒಳಗಿನ ದೃಶ್ಯದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಅದನ್ನು ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ಇನ್ನೊಂದು ಮಾತು. ಅಣ್ಣ ಮಾಡದೇ ಇದ್ದಿದ್ದರೆ ಆ ಸಿನಿಮಾ ಬಂದಿದ್ದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ತಿಪಟೂರು ಕೊಬ್ಬರಿ

ಬಟವಾಡಿ, ಸೌಂಡ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಪ್ರೇಕ್ಷಕನ ದುಡ್ಡು ದುಡ್ಡೇ. ಆದರೆ 'ತುಟಿ ಹೊಂದಿಲ್ಲ' ಅನ್ನುವುದು ಬೇರೆ, 'ಈ ಅಮ್ಮ ಹೇಗೆ ಮಾತಾಡುತ್ತಾರೆ ನೋಡಿ' ಅನ್ನುವುದು ಬೇರೆ. ಮೊದಲನೆಯದನ್ನು ಕೇಳಿದ ನಿರ್ದೇಶಕ ಮುಂದಿನ ಸಲ ಒಳ್ಳೆಯ ಮೈಕ್ ತರುತ್ತಾನೆ. ಎರಡನೆಯದನ್ನು ಕೇಳಿ ಏನು ಮಾಡಬೇಕು? ಬೆಂಗಳೂರಿನಿಂದ ನಟಿಯನ್ನು ಕರೆಸಿ ಪಾವಗಡದ ಅಜ್ಜಿಯ ಬಾಯಲ್ಲಿ ಪುಸ್ತಕದ ಕನ್ನಡ ಆಡಿಸಬೇಕಾ? ಎಷ್ಟೋ ಸಿನಿಮಾಗಳಲ್ಲಿ ನಮ್ಮ ಹಳ್ಳಿಯವರ ಬಾಯಿಗೆ ಎಲ್ಲಿಯದೋ ಭಾಷೆ ತುರುಕುತ್ತಾರೆ ಅಂತ ಹಿಂದೆ ಗೋಳಾಡಿದವರು ಇದೇ ಅಣ್ಣ. ಈ ಹುಡುಗರು ಅದನ್ನು ಸರಿಯಾಗಿ ಮಾಡಿದಾಗ ಅವರೇ ಅದನ್ನು ಗುರುತಿಸಬೇಕಿತ್ತು.

ದೊಡ್ಡ ಸಿನಿಮಾದವರ ಹತ್ತಿರ ದುಡ್ಡಿತ್ತು, ಹೊತ್ತಿತ್ತು, ಹತ್ತು ಜನ ಬರಹಗಾರರಿದ್ದರು. ಆದರೂ ಕಥೆ ಬರೆಯಲಿಲ್ಲ. ಅಲ್ಲಿ ಎಷ್ಟು ನಕ್ಕರೂ ಸಾಲದು. ಸಣ್ಣ ಸಿನಿಮಾದಲ್ಲಿ ಕೈಲಾಗದೆ ಉಳಿದದ್ದು ಯಾವುದು, ಬೇಕೆಂದೇ ಹಾಗೆ ಮಾಡಿದ್ದು ಯಾವುದು ಅಂತ ನೋಡಿ ಹೇಳುವ ಕಣ್ಣು ಅಣ್ಣನಿಗಿದೆ. ಇದ್ದೂ ಬಳಸಲಿಲ್ಲ ಅನ್ನುವುದೇ ನನ್ನ ಸಂಕಟ.

ಮಧುಗಿರಿ ಮೇಷ್ಟ್ರು

ಮಕ್ಕಳೇ, ನಾನು ಎರಡನೇ ವಿಡಿಯೊ ಬಗ್ಗೆ ಬರೆಯುತ್ತೇನೆ. ನೀವು ಮೂರನೆಯದರಲ್ಲಿ ಕೇಳುತ್ತಿರುವುದಕ್ಕೂ ಅದಕ್ಕೂ ಸಂಬಂಧ ಇದೆ.

ನರಸಿಂಹರಾಜು ಅವರ ಹಾಸ್ಯ 'ನಿಧಾನ' ಅಂತ ಆ ವಿಡಿಯೊದಲ್ಲಿ ಅಂದರು, ಆಮೇಲೆ ಅದನ್ನೇ ಮೆಚ್ಚಿದರು ಕೂಡ. ಆದರೆ ಆ ನಿಧಾನ ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಅದು ಕಂಪನಿ ನಾಟಕದಿಂದ ಬಂದದ್ದು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಅದನ್ನು ನಾಡಿಗೆಲ್ಲ ಹೆಸರು ಮಾಡಿದ ವೀರಣ್ಣನವರು ಮೊದಲಿಗೆ ಹಾಸ್ಯಗಾರರು. ಮಾಲೀಕರಾದ ಮೇಲೂ ರಾಜನ ಪಾತ್ರ ಹಿಡಿದು ಕೂರಲಿಲ್ಲ. 'ಸದಾರಮೆ' ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅಂತ ನಮ್ಮ ತಂದೆಯವರು ಹೇಳುತ್ತಿದ್ದರು. ಮೈಕ್ ಇಲ್ಲದ ಕಾಲದಲ್ಲಿ ಬೆಳೆದ ಕಲೆ ಅದು. ಮಾತು ಕೊನೆಯ ಸಾಲಿಗೆ ಮುಟ್ಟಬೇಕು. ಅಲ್ಲಿಂದ ನಗು ಎದ್ದು ಮುಂದಕ್ಕೆ ಬರುವವರೆಗೆ ನಟ ಕಾಯಬೇಕು. ಕಾಯದೆ ಮುಂದಿನ ಮಾತು ಆಡಿದರೆ ನಗುವಿನಲ್ಲಿ ಅದು ಮುಳುಗಿಹೋಗುತ್ತದೆ.

ನರಸಿಂಹರಾಜು ಹುಡುಗನಾಗಿದ್ದಾಗಿನಿಂದ ಕಂಪನಿಗಳಲ್ಲಿ ಬೆಳೆದವರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ಬಂತು. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ. ನರಸಿಂಹರಾಜು ಕೂಡ ಅದರಲ್ಲೇ ತೆರೆಗೆ ಬಂದರು. ಆ ಚಿತ್ರದ ಹಿಂದೆಯೂ ಗುಬ್ಬಿಯವರ ಕೈ ಇತ್ತು. ಮುಂದೆ ಸುಮಾರು 25 ವರ್ಷ, 1979ರಲ್ಲಿ ತೀರಿಕೊಳ್ಳುವವರೆಗೆ, ಅವರಿಲ್ಲದೆ ಸಿನಿಮಾ ಮಾಡುವುದೇ ಕಷ್ಟ ಅನ್ನುವ ಹಾಗಿತ್ತು. ಅವರ ಡೇಟ್ ಸಿಕ್ಕ ಮೇಲೆ ಉಳಿದವರದ್ದು ಕೇಳುತ್ತಿದ್ದರು ಅಂತ ಹಳಬರು ಹೇಳುತ್ತಾರೆ.

ಅವರ ಜೋಡಿ ಬಾಲಕೃಷ್ಣ, ನಿಮ್ಮ ತಿಪಟೂರಿನ ಪಕ್ಕದ ಅರಸೀಕೆರೆಯವರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ಮಾತಿಗೆ ಮಾತು ಕೊಡುತ್ತಿದ್ದರು. ಇಬ್ಬರೂ ಇರುವ ಒಂದು ದೃಶ್ಯ ಹಾಕಿಕೊಂಡು, ಮಾತಾಡುವವರನ್ನು ಬಿಟ್ಟು ಕೇಳುವವರ ಮುಖ ಮಾತ್ರ ನೋಡಿ. ನರಸಿಂಹರಾಜು ಮಾತಾಡುವಾಗ ಬಾಲಕೃಷ್ಣ ಕಣ್ಣು ತೆಗೆಯುವುದಿಲ್ಲ. ನರಸಿಂಹರಾಜು ಕೂಡ ಮುಖ ಅತ್ತಿತ್ತ ತಿರುಗಿಸದೆ ಅವರಿಗೆ ಕಾಣುವ ಹಾಗೆ ನಿಂತಿರುತ್ತಾರೆ. ಹಾಸ್ಯಗಾರರು ಒಬ್ಬರನ್ನೊಬ್ಬರು ಕಾಯುವುದು ಅಂದರೆ ಇದು. ಇದನ್ನು ಆ ವಿಡಿಯೊದಲ್ಲಿ ತೋರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಕಾಯುವುದನ್ನು ಬಲ್ಲ ಹಾಸ್ಯಕ್ಕೆ ಪಾವಗಡದ ರೈತ ಬೇಲಿ ಹತ್ತಿರ ನಿಂತದ್ದು ಅರ್ಥವಾಗಬೇಕು.

ಕ್ಯಾತ್ಸಂದ್ರ ತಟ್ಟೆ ಇಡ್ಲಿ

ಮೇಷ್ಟ್ರೇ, ಕೈ ಮುಗಿದೆ. ಬಾಲಕೃಷ್ಣ ಅವರ ದೃಶ್ಯಗಳನ್ನು ಮತ್ತೆ ಹಾಕಿಕೊಂಡು ನೋಡುತ್ತಿದ್ದೇನೆ.

ನನ್ನದೊಂದು ದೂರು ಇದೆ. ಎರಡನೇ ವಿಡಿಯೊ ಅಷ್ಟು ಉದ್ದ ಇದ್ದರೂ ನಗಿಸುವ ಹೆಂಗಸರ ಬಗ್ಗೆ ಒಂದು ಮಾತಿಲ್ಲ. ಉಮಾಶ್ರೀ ನಮ್ಮ ಜಿಲ್ಲೆಯ ನೊಣವಿನಕೆರೆಯವರು. ಎಷ್ಟು ವರ್ಷ ಅವರಿಗೆ ಬರೀ ಕಾಮಿಡಿ ಟ್ರ್ಯಾಕ್ ಕೊಟ್ಟರು! ಅದರಲ್ಲೂ ಅರ್ಧ ಪಾಲು ಎರಡರ್ಥದ ಮಾತು. ಅದೇ ನಟಿಗೆ ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸ್' ಕೊಟ್ಟಾಗ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಅವರು ಸಿನಿಮಾ ಹುಚ್ಚಿನ ಸೂಲಗಿತ್ತಿ. ಆ ಪಾತ್ರ ನಗಿಸುತ್ತದೆ, ನಗುವಾಗಲೇ ಗಂಟಲು ಕಟ್ಟುತ್ತದೆ. ಇಷ್ಟು ವರ್ಷ ನಗಿಸಿದ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂದಿದೆ. ಇದಕ್ಕೆ ಒಂದು ಪೂರ್ತಿ ವಿಡಿಯೊ ಬೇಕು.

ಹಳೆಯ ಹಾಸ್ಯ ಎಲ್ಲವೂ ಚಿನ್ನ ಅಂತಲೂ ನಾನು ಹೇಳುವುದಿಲ್ಲ. ಉಗ್ಗುವವರು, ಕಪ್ಪಗಿರುವವರು, ದಪ್ಪಗಿರುವವರು ಬಂದರೆ ಸಾಕು ನಗಬೇಕು ಅನ್ನುವ ದೃಶ್ಯಗಳು ತುಂಬಾ ಇವೆ. ನರಸಿಂಹರಾಜು ತಮ್ಮ ಹಲ್ಲನ್ನು ತಾವೇ ಹಾಸ್ಯ ಮಾಡಿಕೊಂಡರು, ಅದು ಅವರ ಹಕ್ಕು. ಇನ್ನೊಬ್ಬರ ಹಲ್ಲು, ಇನ್ನೊಬ್ಬರ ಮಾತು ಎತ್ತಿಕೊಂಡು ಆಡುವುದು ಬೇರೆ. ಮೂರನೇ ವಿಡಿಯೊದಲ್ಲಿ ಆ ಹಳೆಯ ಚಾಳಿಯೇ ಹೊಸ ಕ್ಯಾಮೆರಾ ಮುಂದೆ ಬಂದು ಕೂತಿದೆ.

ಗುಬ್ಬಿ ಗೇಟ್

ಅಕ್ಕ, ಸರಿಯಾಗಿ ಹೇಳಿದಿರಿ.

ಅಣ್ಣನ ಕಷ್ಟವನ್ನೂ ನಾವು ನೋಡಬೇಕು. ಮೊದಲನೇ ವಿಡಿಯೊ ಕೆಳಗೆ ಆ ಹೀರೋ ಅಭಿಮಾನಿಗಳು ಬರೆದಿದ್ದನ್ನು ಓದಿದಿರಾ? ಮನೆ ಹುಡುಕಿಕೊಂಡು ಬರುತ್ತೇವೆ ಅನ್ನುವುದು, ತಾಯಿಯನ್ನು ಎಳೆದು ತರುವುದು. 'ಇನ್ನೊಬ್ಬ ಹೀರೋ ಕಡೆಯಿಂದ ದುಡ್ಡು ತಗೊಂಡಿದ್ದಾನೆ' ಅಂತ ಬೇರೆ. ಅದಕ್ಕೇ ಅಣ್ಣ ಪ್ರತಿ ಸಲ ಹರಿದ ಟಿಕೆಟ್ ತೋರಿಸಿಯೇ ಶುರು ಮಾಡುತ್ತಾರೆ. ಬೇರೆ ಎಷ್ಟೋ ಚಾನೆಲ್‌ಗಳು ಬೆಳಗ್ಗೆ ಹತ್ತಕ್ಕೇ 'ಬ್ಲಾಕ್‌ಬಸ್ಟರ್' ಅಂತ ಕೂಗುತ್ತವೆ. ಇವರು ಸಿನಿಮಾ ಎರಡು ಸಲ ನೋಡಿ, ವಾರ ಕಳೆದ ಮೇಲೆ ಹಾಕುತ್ತಾರೆ. ಹಾಗೆ ಮಾಡಿದರೆ ನೋಡುವವರು ಕಡಿಮೆ ಅಂತ ಗೊತ್ತಿದ್ದೂ ಮಾಡುತ್ತಾರೆ. ಮೂರನೇ ವಿಡಿಯೊ ಅವಸರದಲ್ಲಿ ಮಾಡಿದ್ದು ಅನ್ನಿಸಿತು. ಅದರಲ್ಲಿ ಕಡ್ಡಿಯೂ ಇಲ್ಲ, ಪೊಟ್ಟಣವೂ ಇಲ್ಲ, ಆ ಹಳೇ ಊದುಬತ್ತಿ ಬಿಟ್ಟರೆ ಬರೀ ಕೂತು ಮಾತು.

ಎಡಿಟಿಂಗ್ ಟೇಬಲ್

ಅವಸರ ಅನ್ನುವುದು ನಿಜ ಇರಬಹುದು. ಕಟ್ ನೋಡಿದರೆ ಗೊತ್ತಾಗುತ್ತದೆ, ಅರ್ಧ ವಾಕ್ಯಕ್ಕೇ ಹಾರುತ್ತದೆ.

ಈ ಬಗೆಯ ವಿಮರ್ಶೆಯಲ್ಲಿ ನನಗೆ ಇಂದಿಗೂ ಮಾದರಿ ಅಂದರೆ ಅಮೆರಿಕದ ಮಿಲ್ವಾಕಿಯ ರೆಡ್ ಲೆಟರ್ ಮೀಡಿಯಾ ಅನ್ನುವ ವಿಡಿಯೊ ತಂಡದವರದ್ದು. 1999ರಲ್ಲಿ ಬಂದ ಸ್ಟಾರ್ ವಾರ್ಸ್ ಚಿತ್ರದ ಬಗ್ಗೆ ಅವರು 2009ರ ಡಿಸೆಂಬರಿನಲ್ಲಿ 70 ನಿಮಿಷದ ವಿಮರ್ಶೆ ಹಾಕಿದರು, ಏಳು ಭಾಗದಲ್ಲಿ. ಒಬ್ಬ ಸಿಡುಕು ಮುದುಕನ ಧ್ವನಿಯಲ್ಲಿ ಇರುತ್ತದೆ, ಕೆಲವು ಜೋಕು ನನಗೆ ಹಿಡಿಸುವುದಿಲ್ಲ. ಆದರೆ ಅದರಲ್ಲಿ ಒಂದು ಪರೀಕ್ಷೆ ಇದೆ. ಕೆಲವರನ್ನು ಕೂರಿಸಿ ಕೇಳುತ್ತಾರೆ: ಈ ಪಾತ್ರ ಎಂಥದ್ದು ಹೇಳಿ, ಆದರೆ ನೋಡಲು ಹೇಗಿದ್ದಾರೆ, ಏನು ಹಾಕಿಕೊಂಡಿದ್ದಾರೆ, ಏನು ಕೆಲಸ ಮಾಡುತ್ತಾರೆ ಅಂತ ಹೇಳಬಾರದು. ಹಳೆಯ ಸ್ಟಾರ್ ವಾರ್ಸ್ ಪಾತ್ರಗಳಿಗೆ ಪಟಪಟ ಉತ್ತರ ಬರುತ್ತದೆ. ಹೊಸ ಚಿತ್ರದ ಪಾತ್ರ ಬಂದಾಗ ಬಾಯಿ ಕಟ್ಟುತ್ತದೆ. ಬೈಯದೆಯೇ ಪಾತ್ರ ಟೊಳ್ಳು ಅಂತ ತೋರಿಸಿಬಿಟ್ಟರು.

ಇದನ್ನು ನಮ್ಮ ಎರಡು ಸಿನಿಮಾಕ್ಕೆ ಹಾಕಿ ನೋಡಿ. ದೊಡ್ಡ ಹೀರೋ ಪಾತ್ರವನ್ನು ಗಡ್ಡ, ಬೀಡಿ, ಕೊಡಲಿ ಬಿಟ್ಟು ಹೇಳಿ ನೋಡೋಣ. ನನಗಂತೂ ಆಗಲಿಲ್ಲ. ಈಗ ಪಾವಗಡದ ರೈತ: ಸಂಕೋಚದವನು, ಯಾರ ಹತ್ತಿರವೂ ಸಾಲ ಕೇಳದವನು, ಕೈ ಖಾಲಿ ಇದ್ದರೆ ನಾಚಿಕೆ ಪಡುವವನು, ಮಗ ಬಂದರೆ ಏನೋ ಕೆಲಸ ಇರುವವನ ಹಾಗೆ ಎದ್ದು ನಿಲ್ಲುವವನು. ನಾನು ಒಂದೇ ಸಲ ನೋಡಿದ್ದು, ಆದರೂ ಇಷ್ಟು ಹೇಳಬಲ್ಲೆ.

ಪಾವಗಡ ಬಿಸಿಲು

ಎಡಿಟಿಂಗ್ ಟೇಬಲ್ ಅಣ್ಣ, ಓದಿ ಕಣ್ಣು ತುಂಬಿತು. ಆ ಹುಡುಗರಿಗೆ ಇದನ್ನು ಕಳಿಸಿದ್ದೇನೆ.

ನೀವು ಬಾವಿ ದೃಶ್ಯ ಗಮನಿಸಿದಿರಾ? ರೈತ ಬತ್ತಿದ ಬಾವಿ ಕಟ್ಟೆ ಮೇಲೆ ಕೂತು ಹಗ್ಗ ಹೊಸೆಯುತ್ತಾನೆ. ಮನೆಯಲ್ಲಿ ದನ ಇಲ್ಲ, ಬಾವಿಯಲ್ಲಿ ನೀರಿಲ್ಲ, ಹಗ್ಗ ಯಾರಿಗೂ ಬೇಕಿಲ್ಲ. ಹೊಸೆದು ಮುಗಿಸಿ, ತುದಿ ಎಳೆದು ಗಟ್ಟಿ ಇದೆಯಾ ನೋಡುತ್ತಾನೆ. ಆಮೇಲೆ ಪೂರ್ತಿ ಬಿಚ್ಚುತ್ತಾನೆ. ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಒಂದು ಮಾತಿಲ್ಲ. ಆ ಕೈ ನಿಜವಾದ ರೈತನ ಕೈ, ಹೆಬ್ಬೆರಳಿನ ಉಗುರು ಒಡೆದಿದೆ. ಅಣ್ಣ ಈ ದೃಶ್ಯದ ಹೆಸರೇ ಎತ್ತಲಿಲ್ಲ.

ಬಟವಾಡಿ ಬಸ್‌ಸ್ಟಾಪ್

ಹಗ್ಗದ ದೃಶ್ಯ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಾದ ಮೇಲೆ ಮಗ ಬೆಂಗಳೂರಿನಿಂದ ಬಂದು ಭಾಷಣ ಹೊಡೆಯುವುದು ಬೇಕಿತ್ತಾ? ಹಗ್ಗ ಹೇಳಿದ್ದನ್ನೇ ಮಗ ಹತ್ತು ನಿಮಿಷ ಬಾಯಲ್ಲಿ ಹೇಳುತ್ತಾನೆ. ಅಲ್ಲಿಗೆ ಊದುಬತ್ತಿ ಹಚ್ಚಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ.

ಪಾವಗಡ ಬಿಸಿಲು

ಆ ಭಾಷಣ ನನಗೂ ಬೇಡ ಅನ್ನಿಸಿತು. ಅದನ್ನು ಹೇಳಿದ್ದರೆ ಊರಲ್ಲಿ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ತಿಪಟೂರು ಕೊಬ್ಬರಿ

ಹಾಗಾದರೆ ಎಲ್ಲರ ಮಾತು ಸೇರಿಸಿ ಅಣ್ಣನಿಗೇ ಬರೆಯೋಣ. ಕೆಳಗೆ ಒಂದು ಕರಡು ಹಾಕಿದ್ದೇನೆ, ತಿದ್ದಿ.

'ಅಣ್ಣ, ನಾವು ತುಮಕೂರು ಜಿಲ್ಲೆಯ ನಿಮ್ಮ ವೀಕ್ಷಕರು. ಊದುಬತ್ತಿಯನ್ನೂ ಬೆಂಕಿಕಡ್ಡಿ ಫೈಟನ್ನೂ ನಾವು ಮರೆಯುವುದಿಲ್ಲ. ಬೆದರಿಕೆ ಹಾಕುವವರ ಮುಂದೆ ನಾವು ನಿಮ್ಮ ಜೊತೆ ಇದ್ದೇವೆ. ಪಾವಗಡದ ಸಿನಿಮಾ ಬಗ್ಗೆ ಒಂದು ಕೋರಿಕೆ. ತಾಯಿ ಪಾತ್ರದವರ ಮಾತನ್ನು ಅಣಕಿಸಿದ ಭಾಗವನ್ನು ದಯವಿಟ್ಟು ತೆಗೆಯಿರಿ, ಅದು ಆ ಕಡೆಯ ಜನರ ಮನೆಮಾತು. ಸೌಂಡ್ ಬಗ್ಗೆ ನೀವು ಹೇಳಿದ್ದು ಇರಲಿ. ಮಗನ ಭಾಷಣದ ಬಗ್ಗೆಯೂ ಬೇಕಾದಷ್ಟು ಹೇಳಿ. ಆದರೆ ಹಗ್ಗ ಹೊಸೆಯುವ ದೃಶ್ಯವನ್ನು ಇನ್ನೊಮ್ಮೆ ನೋಡಿ, ನಿಮ್ಮ ಕಡ್ಡಿ ಪೊಟ್ಟಣ ಇಟ್ಟುಕೊಂಡು ಬಿಡಿಸಿ ತೋರಿಸಿ. ನೀವು ತೋರಿಸಿದರೆ ಸಾವಿರಾರು ಜನ ಅದನ್ನು ನೋಡಲು ಕಲಿಯುತ್ತಾರೆ. ಮುಂದೆ ಉಮಾಶ್ರೀ ಅವರ ಬಗ್ಗೆ ಒಂದು, ನರಸಿಂಹರಾಜು ಬಾಲಕೃಷ್ಣ ಜೋಡಿ ಬಗ್ಗೆ ಒಂದು ವಿಡಿಯೊ ಮಾಡಿ. ಗುಬ್ಬಿ ಕಂಪನಿಯ ವಿಷಯ ಬೇಕಿದ್ದರೆ ನಮ್ಮ ಮೇಷ್ಟ್ರು ಸಹಾಯ ಮಾಡುತ್ತಾರೆ.'

ಮಧುಗಿರಿ ಮೇಷ್ಟ್ರು

ಧಾರಾಳವಾಗಿ ಮಾಡುತ್ತೇನೆ. ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ' ನನ್ನ ಹತ್ತಿರ ಇದೆ, ಅದನ್ನೂ ಬರೆಯಿರಿ. ಅವರೇ ಓದಿಕೊಳ್ಳಲಿ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ

ಆ ತಾಯಿ ಪಾತ್ರದವರ ಅಭಿನಯ ಚೆನ್ನಾಗಿತ್ತು ಅಂತ ಒಂದು ಸಾಲು ಸೇರಿಸಿ. ತೆಗೆಯಿರಿ ಅಂದರೆ ಸಾಲದು.

ಬಟವಾಡಿ ಬಸ್‌ಸ್ಟಾಪ್

ನನ್ನ ಹೆಸರೂ ಇರಲಿ. ಸಣ್ಣ ಸಿನಿಮಾ ಅಂತ ಸಡಿಲ ಬಿಡಿ ಅಂತ ಮಾತ್ರ ಎಲ್ಲೂ ಬರೆಯಬೇಡಿ.

ತಿಪಟೂರು ಕೊಬ್ಬರಿ

ಅಕ್ಕನ ಸಾಲು, ಮೇಷ್ಟ್ರ ಪುಸ್ತಕ ಎರಡೂ ಸೇರಿಸಿದೆ. ಸಡಿಲ ಬಿಡಿ ಅಂತ ಎಲ್ಲೂ ಇಲ್ಲ. ಈಗಷ್ಟೇ ಕಳಿಸಿದೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಅಣ್ಣ ಲೈವ್ ಬರುತ್ತಾರಲ್ಲ, ಅಲ್ಲಿ ಓದಬಹುದು. ಪಾವಗಡದವರೇ, ಆಗುವುದಾದರೆ ಆ ಸಿನಿಮಾ ಹುಡುಗರನ್ನೂ ಬರಲು ಹೇಳಿ.